ಅಲೆಕ್ಸಾಂಡರ್ ಪೋಪ್: ದೇಹದ ವಕ್ರತೆಯೂ ಮನಸ್ಸಿನ ಹೋರಾಟವೂ

ವ್ಯಾಕರಣಶಾಸ್ತ್ರವನ್ನು ಅಭ್ಯಾಸ ಮಾಡುವ ವಿದ್ಯಾರ್ಥಿಗೆ ವಿಭಕ್ತಿಪ್ರಕರಣದಲ್ಲಿ ಒಂದು ಚಿಕ್ಕ ವಿಧಿ ಎದುರಾಗುತ್ತದೆ. ಯಾವ ಅಂಗದ ವಿಕಾರದಿಂದ ಒಬ್ಬನು ವಿಕಲನೆಂದು ಗುರುತಿಸಲ್ಪಡುವನೋ ಆ ಅಂಗವನ್ನು ಹೇಳುವ ಶಬ್ದಕ್ಕೆ ತೃತೀಯಾ ವಿಭಕ್ತಿ ಬರಬೇಕೆಂಬುದು ಪಾಣಿನಿಯ ವಿಧಾನ. ಅದರಂತೆ ಒಬ್ಬನನ್ನು ಕಾಲಿನಿಂದ ಕುಂಟನೆಂದೂ ಬೆನ್ನಿನಿಂದ ಕುಬ್ಜನೆಂದೂ ಹೇಳಬೇಕಾಗುತ್ತದೆ. ಮೇಲುನೋಟಕ್ಕೆ ಇದು ಪ್ರತ್ಯಯದ ಮಾತಾಗಿ ಕಂಡರೂ ಒಳಗೆ ಒಂದು ದೊಡ್ಡ ವಿವೇಕವಿದೆ. ಊನವು ಅಂಗಕ್ಕೆ ಸೇರಿದ್ದು; ಆ ಅಂಗವನ್ನು ಹೊಂದಿರುವ ಮನುಷ್ಯನು ಅದರಿಂದ ಬೇರೆಯಾಗಿಯೇ ನಿಂತಿದ್ದಾನೆ. ಆದರೆ ಲೋಕವ್ಯವಹಾರದಲ್ಲಿ ಈ ವಿವೇಕ ಉಳಿಯುವುದಿಲ್ಲ. ಅಲ್ಲಿ ಬೆನ್ನು ಮರೆಯಾಗಿ ಮನುಷ್ಯನೇ ಗೂನನಾಗುತ್ತಾನೆ. ಅವನ ಹೆಸರು ಹೋಗಿ ಅವನ ಊನವೇ ಅವನಿಗೆ ಹೆಸರಾಗುತ್ತದೆ. ಬೆಳೆಯುವ ವಯಸ್ಸಿನ ಹುಡುಗನಿಗಾಗಲಿ ಹುಡುಗಿಗಾಗಲಿ ಇದರಿಂದ ಆಗುವ ನೋವು ಎಂತಹುದು, ಅದು ಒಂದು ಬಾಳನ್ನು ಎಷ್ಟು ದೂರ ಹಿಂಬಾಲಿಸುತ್ತದೆ ಎಂಬುದನ್ನು ತಿಳಿಯಲು ಆಂಗ್ಲ ಮಹಾಕವಿ ಅಲೆಕ್ಸಾಂಡರ್ ಪೋಪನ ಜೀವನಕ್ಕಿಂತ ಉತ್ತಮವಾದ ನಿದರ್ಶನ ದೊರೆಯುವುದು ಕಷ್ಟ.

ನಮ್ಮ ಕಾಲೇಜುಗಳಲ್ಲಿ ಆಂಗ್ಲ ಸಾಹಿತ್ಯವನ್ನು ಓದಿದವರಿಗೆ ಈ ಕವಿಯ ಹೆಸರು ಅಪರಿಚಿತವಲ್ಲ. ಪೋಪ್ ಎಂಬುದು ಇಲ್ಲಿ ಮನೆತನದ ಹೆಸರೇ ಹೊರತು ರೋಮಿನ ಧರ್ಮಗುರುವಿನ ಪದವಿಯಲ್ಲ. ಆತನು ೧೬೮೮ನೆಯ ಇಸವಿ ಮೇ ೨೧ರಂದು ಲಂಡನ್ ನಗರದ ಲೊಂಬಾರ್ಡ್ ಬೀದಿಯಲ್ಲಿ ಜನಿಸಿದನು. ತಂದೆಯ ಹೆಸರೂ ಅಲೆಕ್ಸಾಂಡರ್; ನಾರುಬಟ್ಟೆಯ ವ್ಯಾಪಾರಿ. ತಾಯಿ ಎಡಿತ್. ದಂಪತಿಗಳಿಬ್ಬರೂ ರೋಮನ್ ಕ್ಯಾಥೊಲಿಕ್ ಮತದವರು. ಮಗು ಹುಟ್ಟಿದ ವರ್ಷದಲ್ಲಿಯೇ ಆ ದೇಶದಲ್ಲಿ ರಾಜಕೀಯ ಪರಿವರ್ತನೆಯಾಗಿ ಕ್ಯಾಥೊಲಿಕ್ ಅರಸನು ಪದಚ್ಯುತನಾದನು. ಅನಂತರ ಆ ಮತದವರಿಗೆ ಕಷ್ಟದ ದಿನಗಳು ಬಂದವು. ಅವರು ಸರಕಾರಿ ಹುದ್ದೆ ಹೊಂದುವಂತಿರಲಿಲ್ಲ. ರಾಜಧಾನಿಯ ಸುತ್ತ ೧೦ ಮೈಲಿಯೊಳಗೆ ವಾಸಿಸಕೂಡದೆಂಬ ಕಟ್ಟಳೆಯಿತ್ತು. ವಿಶ್ವವಿದ್ಯಾನಿಲಯಗಳ ಬಾಗಿಲು ಅವರಿಗೆ ಮುಚ್ಚಿತ್ತು. ದೇಹದ ಸಂಕಟ ಒದಗುವುದಕ್ಕೆ ಮೊದಲೇ ಈ ಬಾಲಕನ ಪಾಲಿಗೆ ಸಮಾಜದ ಸಂಕಟ ಸಿದ್ಧವಾಗಿತ್ತು.

ಬಾಲ್ಯದಲ್ಲಿ ಅವನು ಆರೋಗ್ಯವಂತನೇ ಆಗಿದ್ದನು. ಸುಮಾರು ಏಳರ ವಯಸ್ಸಿನಲ್ಲಿ ಬರೆಯಿಸಿದ ಚಿತ್ರವೊಂದರಲ್ಲಿ ದುಂಡುಮುಖದ, ತುಂಬುಗೆನ್ನೆಯ ಮುದ್ದು ಮಗುವೊಂದು ಕಾಣುತ್ತದೆ. ಅವನ ಕಂಠ ಎಷ್ಟು ಇಂಪಾಗಿತ್ತೆಂದರೆ ಹಿರಿಯರು ಅವನನ್ನು ಹಾಡುಹಕ್ಕಿಗೆ ಹೋಲಿಸಿ ಕರೆಯುತ್ತಿದ್ದರು. ಓದನ್ನು ಕಲಿಸಿದವಳು ತಾಯಿಯ ಸಹೋದರಿ. ಲ್ಯಾಟಿನ್ ಮತ್ತು ಗ್ರೀಕ್ ಭಾಷೆಗಳ ಮೊದಲ ಪಾಠಗಳನ್ನು ಹೇಳಿದವರು ಮನೆಗೆ ಬರುತ್ತಿದ್ದ ಪಾದ್ರಿಗಳು. ಟ್ವೈಫರ್ಡ್ ಎಂಬಲ್ಲಿಯ ಶಾಲೆಗೆ ಕಳುಹಿಸಿದಾಗ ಅಲ್ಲಿಯ ಉಪಾಧ್ಯಾಯರ ಮೇಲೆ ವಿಡಂಬನೆಯ ಪದ್ಯ ಕಟ್ಟಿ ಏಟು ತಿಂದನು. ಮುಂದೆ ಜೀವನದುದ್ದಕ್ಕೂ ಅವನ ಕೈಯಲ್ಲಿ ಆಯುಧವಾಗಲಿದ್ದ ವಿದ್ಯೆ ಹೀಗೆ ಬಾಲ್ಯದಲ್ಲಿಯೇ ಮೊಳೆಯಿತು.

೧೭೦೦ರ ಸುಮಾರಿಗೆ ಸಂಸಾರವು ಲಂಡನ್ನಿನಿಂದ ದೂರವಾಗಿ ವಿಂಡ್ಸರ್ ಅರಣ್ಯದ ಅಂಚಿನ ಬಿನ್‌ಫೀಲ್ಡ್ ಎಂಬ ಹಳ್ಳಿಯಲ್ಲಿ ನೆಲೆಸಿತು. ಹುಡುಗನಿಗೆ ಆಗ ೧೨ ವರ್ಷ. ಶಾಲೆಯ ಶಿಕ್ಷಣ ಅಲ್ಲಿಗೆ ಮುಗಿದಂತೆಯೇ. ತಂದೆಯ ಪುಸ್ತಕಗಳ ನಡುವೆ ಕುಳಿತು ಹೋಮರ್, ವರ್ಜಿಲ್ ಮೊದಲಾದ ಪ್ರಾಚೀನರನ್ನು ತಾನೇ ತಾನಾಗಿ ಓದತೊಡಗಿದನು. ಫ್ರೆಂಚ್ ಮತ್ತು ಇಟಾಲಿಯನ್ ಭಾಷೆಗಳನ್ನೂ ಕಲಿತನು. ಈ ಕಾಲದಲ್ಲಿಯೇ ಅವನ ಬೆನ್ನೆಲುಬಿಗೆ ರೋಗ ತಗುಲಿತು. ಬೆನ್ನು ಹಿಂದಕ್ಕೆ ಗೂನಾಯಿತು, ಪಕ್ಕಕ್ಕೂ ಬಾಗಿತು, ದೇಹದ ಒಂದು ಪಾರ್ಶ್ವ ಕುಗ್ಗಿತು, ಬೆಳವಣಿಗೆ ನಿಂತಿತು. ಪೂರ್ಣ ವಯಸ್ಕನಾದಾಗಲೂ ಅವನ ಎತ್ತರ ಸುಮಾರು ನಾಲ್ಕೂವರೆ ಅಡಿಯನ್ನು ಮೀರಲಿಲ್ಲ.

ಅತಿಯಾದ ಓದಿನಿಂದ ಹೀಗಾಯಿತೆಂದು ಮನೆಯವರು ನಂಬಿದರು. ಅವನೂ ಹಾಗೆಯೇ ನಂಬಿದನು. ಅದು ಬೆನ್ನೆಲುಬಿನ ಕ್ಷಯವೆಂದು ಇಂದು ವಿದ್ವಾಂಸರು ನಿರ್ಣಯಿಸಿದ್ದಾರೆ. ಈ ರೋಗದ ಲಕ್ಷಣಗಳನ್ನು ಪರ್ಸಿವಲ್ ಪಾಟ್ ಎಂಬ ಶಸ್ತ್ರವೈದ್ಯನು ವಿವರಿಸಿದ್ದು ೧೭೭೯ರಲ್ಲಿ. ಕ್ಷಯದ ಸೂಕ್ಷ್ಮಾಣುವನ್ನು ರಾಬರ್ಟ್ ಕಾಖ್ ಕಂಡುಹಿಡಿದದ್ದು ೧೮೮೨ರಲ್ಲಿ. ಇವೆರಡಕ್ಕೂ ಎಷ್ಟೋ ಮೊದಲು ಕಾಯಿಲೆ ಬಿದ್ದ ಹುಡುಗನಿಗೆ ತನ್ನ ಪ್ರೀತಿಯ ವಿದ್ಯೆಯೇ ತನ್ನ ಬೆನ್ನನ್ನು ಮುರಿಯಿತೆಂಬ ಭಾವನೆ ಉಳಿಯಿತು. ದೇಹದ ಕೇಡಿಗೆ ತಾನೇ ಹೊಣೆಯೆಂದು ಮಗುವೊಂದು ತಿಳಿದುಕೊಂಡರೆ ಅದು ರೋಗದ ಮೇಲೆ ಹೇರಿದ ಎರಡನೆಯ ರೋಗ.

ಆ ಎರಡನೆಯ ರೋಗವು ಹದಿನೇಳರ ಹರಯದಲ್ಲಿ ಪ್ರಬಲವಾಯಿತು. ಹಗಲಿರುಳೂ ಓದುತ್ತ, ಮೈ ಕುಗ್ಗುತ್ತ, ಕೊನೆಗೆ ತಾನು ಬದುಕುವುದಿಲ್ಲವೆಂದು ನಿಶ್ಚಯಿಸಿ, ದೂರದ ಸ್ನೇಹಿತರಿಗೆ ಕೊನೆಯ ವಿದಾಯದ ಪತ್ರಗಳನ್ನು ಬರೆದು ಕಳುಹಿಸಿದನು. ಪತ್ರ ತಲಪಿದವರಲ್ಲಿ ಥಾಮಸ್ ಸೌತ್‌ಕೋಟ್ ಎಂಬ ಪಾದ್ರಿಯೊಬ್ಬನಿದ್ದನು. ಅವನು ವಿದಾಯವನ್ನು ಓದಿ ಮರುಗಿ ಸುಮ್ಮನಾಗಲಿಲ್ಲ. ಲಂಡನ್ನಿನ ಪ್ರಖ್ಯಾತ ವೈದ್ಯನಾದ ಜಾನ್ ರ‍್ಯಾಡ್‌ಕ್ಲಿಫ್ ಬಳಿಗೆ ತಾನೇ ಹೋಗಿ ಹುಡುಗನ ಸ್ಥಿತಿಯನ್ನು ವಿವರಿಸಿ, ಸಲಹೆ ಪಡೆದು, ಅದನ್ನು ಹೊತ್ತು ಬಿನ್‌ಫೀಲ್ಡಿಗೆ ಬಂದನು. ಸಲಹೆ ಬಹಳ ಸರಳವಾಗಿತ್ತು: ಓದನ್ನು ಕಡಿಮೆ ಮಾಡುವುದು, ಪ್ರತಿದಿನವೂ ಕುದುರೆಸವಾರಿ ಮಾಡುವುದು. ಪೋಪನು ಅದನ್ನು ಪಾಲಿಸಿದನು. ಬೆನ್ನು ನೆಟ್ಟಗಾಗಲಿಲ್ಲ, ಆದರೆ ಮನಸ್ಸು ಸಾವಿನ ಚಿಂತೆಯಿಂದ ಹೊರಬಂದಿತು. ನಿವೃತ್ತ ರಾಯಭಾರಿಯಾದ ವಿಲಿಯಂ ಟ್ರಂಬಲ್ ಎಂಬ ಹಿರಿಯನು ನೆರೆಯಲ್ಲಿದ್ದನು. ಅಜ್ಜನ ವಯಸ್ಸಿನ ಆತನೂ ಈ ಕೃಶ ಬಾಲಕನೂ ಅರಣ್ಯದ ದಾರಿಗಳಲ್ಲಿ ಜೊತೆಯಾಗಿ ಕುದುರೆಯೇರಿ ಹೋಗುತ್ತ ಪ್ರಾಚೀನ ಕಾವ್ಯಗಳ ಬಗೆಗೆ ಮಾತನಾಡುತ್ತಿದ್ದರು. ಹೋಮರನನ್ನು ಆಂಗ್ಲಭಾಷೆಗೆ ತರಬೇಕೆಂದು ಪ್ರೋತ್ಸಾಹಿಸಿದವರಲ್ಲಿ ಟ್ರಂಬಲನೂ ಒಬ್ಬನು.

ಸೌತ್‌ಕೋಟನ ಉಪಕಾರವನ್ನು ಪೋಪನು ಮರೆಯಲಿಲ್ಲ. ಸುಮಾರು ೨೦ ವರ್ಷಗಳ ಬಳಿಕ ಫ್ರಾನ್ಸಿನ ಆವಿನ್ಯೋನ್ ಸಮೀಪದ ಒಂದು ಕ್ರೈಸ್ತಮಠದ ಅಧಿಪತ್ಯ ತೆರವಾಗಿದೆಯೆಂಬ ಸುದ್ದಿ ಬಂದಾಗ, ಪ್ರಧಾನಿಯಾಗಿದ್ದ ರಾಬರ್ಟ್ ವಾಲ್ಪೋಲನಿಗೆ ಪತ್ರ ಬರೆದು ಅದನ್ನು ತನ್ನ ಹಳೆಯ ಹಿತೈಷಿಗೆ ದೊರಕಿಸಿಕೊಟ್ಟನು. ನಿರಾಶೆಯಲ್ಲಿ ಮುಳುಗಿದ್ದ ಬಾಲಕನಿಗಾಗಿ ಹಿರಿಯನೊಬ್ಬನು ವೈದ್ಯನ ಮನೆಯವರೆಗೆ ನಡೆದ ದಾರಿ ಎಷ್ಟು ಚಿಕ್ಕದು, ಅದರ ಫಲ ಎಷ್ಟು ದೊಡ್ಡದು!

೧೭೦೯ರಲ್ಲಿ ಗೋಪಕಾವ್ಯಗಳು ಪ್ರಕಟವಾಗಿ ಪೋಪನ ಹೆಸರು ವಿದ್ವದ್ವಲಯದಲ್ಲಿ ಹರಡಿತು. ೧೭೧೧ರಲ್ಲಿ, ೨೨ರ ವಯಸ್ಸಿನಲ್ಲಿ, ವಿಮರ್ಶೆಯ ಸ್ವರೂಪವನ್ನು ಕುರಿತ ಪದ್ಯಪ್ರಬಂಧ ಹೊರಬಂದಿತು. ಅದರಲ್ಲಿ ಜಾನ್ ಡೆನ್ನಿಸ್ ಎಂಬ ಹಿರಿಯ ವಿಮರ್ಶಕನ ಮುಂಗೋಪವನ್ನು ಬೇರೊಂದು ಹೆಸರಿನ ಮರೆಯಲ್ಲಿ ಪೋಪನು ಚುಚ್ಚಿದ್ದನು. ಡೆನ್ನಿಸನು ಕೆರಳಿ ಒಂದು ಪುಸ್ತಿಕೆಯನ್ನು ಬರೆದನು. ಕಾವ್ಯದ ದೋಷಗಳನ್ನು ಹೇಳಿದ್ದರೆ ಅದು ವಾದವಾಗುತ್ತಿತ್ತು. ಅವನು ಕವಿಯನ್ನು ಗೂನುಬೆನ್ನಿನ ನೆಲಗಪ್ಪೆಯೆಂದು ಕರೆದನು. ಈತನು ಪ್ರಾಚೀನ ಗ್ರೀಸಿನಲ್ಲಿ ಹುಟ್ಟಿದ್ದರೆ ಹುಟ್ಟಿದ ದಿನವೇ ಹೆತ್ತವರು ಎಸೆದುಬಿಡುತ್ತಿದ್ದರೆಂಬ ಅರ್ಥದ ಮಾತನ್ನೂ ಆಡಿದನು. ಅಂದಿನಿಂದ ಪೋಪನ ವಿರೋಧಿಗಳಿಗೆ ದಾರಿ ಸುಲಭವಾಯಿತು. ಅವನ ಪದ್ಯಕ್ಕೆ ಉತ್ತರ ಸಿಗದಾಗ ಅವನ ಬೆನ್ನು ಸಿಗುತ್ತಿತ್ತು. ೧೭೨೯ರ ಒಂದು ಪುಸ್ತಿಕೆಯ ಮುಖಚಿತ್ರದಲ್ಲಿ ಅವನನ್ನು ಧರ್ಮಗುರುವಿನ ಕಿರೀಟವಿಟ್ಟ ಕೋತಿಯಂತೆ ಬರೆದಿದ್ದರು.

ಇದಕ್ಕೆ ಅವನು ಕಂಡುಕೊಂಡ ಮೊದಲ ಉಪಾಯವು ನಗೆ. ೧೭೧೩ರ ಜೂನ್ ತಿಂಗಳಲ್ಲಿ ಗಾರ್ಡಿಯನ್ ಎಂಬ ಪತ್ರಿಕೆಯಲ್ಲಿ ಗಿಡ್ಡಜನರ ಸಂಘವೊಂದನ್ನು ಕಲ್ಪಿಸಿ ಎರಡು ಲೇಖನಗಳನ್ನು ಬರೆದನು. ಆ ಸಂಘದಲ್ಲಿ ಕರಿಯ ಉಡುಪಿನ ಕುಳ್ಳ ಕವಿಯೊಬ್ಬನಿದ್ದಾನೆ; ದೂರದಿಂದ ನೋಡಿದರೆ ಜೇಡನಂತೆ, ಕೈಕಾಲು ಆಡಿಸಿದರೆ ಗಾಳಿಗಿರಣಿಯಂತೆ ಕಾಣುತ್ತಾನೆ. ಅದು ತನ್ನದೇ ಚಿತ್ರ. ಇತರರು ನಗುವ ಮೊದಲೇ ತಾನು ನಕ್ಕರೆ ಅವರ ನಗೆಯ ಮೊನೆ ಮೊಂಡಾಗುತ್ತದೆಂಬುದು ಅವನ ಎಣಿಕೆಯಾಗಿದ್ದಿರಬೇಕು. ತರಗತಿಯಲ್ಲಿ ತನ್ನ ಊನದ ಬಗೆಗೆ ತಾನೇ ಹಾಸ್ಯ ಮಾಡಿ ಎಲ್ಲರನ್ನೂ ನಗಿಸುವ ಬಾಲಕನನ್ನು ಕಂಡಾಗ, ಇವನಿಗೇನೂ ನೋವಿಲ್ಲವೆಂದು ಅಧ್ಯಾಪಕರು ತಿಳಿಯುವುದುಂಟು. ಪೋಪನ ಉಳಿದ ಬಾಳನ್ನು ನೋಡಿದರೆ ಆ ಊಹೆ ತಪ್ಪೆಂದು ತಿಳಿಯುತ್ತದೆ.

ಏಕೆಂದರೆ ಹೀಗೆ ನಕ್ಕವನು ತನ್ನ ಪೂರ್ಣದೇಹದ ಚಿತ್ರವನ್ನು ಬರೆಯಲು ಯಾರಿಗೂ ಅವಕಾಶ ಕೊಡಲಿಲ್ಲ. ಅವನ ಕಾಲದಲ್ಲಿ ಅವನಷ್ಟು ಸಲ ಚಿತ್ರಕಾರರ ಮುಂದೆ ಕುಳಿತ ಕವಿಗಳು ವಿರಳ. ನೆಲ್ಲರ್, ಜಾರ್ವಿಸ್, ರಿಚರ್ಡ್‌ಸನ್ ಮೊದಲಾದವರು ಅವನನ್ನು ಬರೆದರು. ರೂಬಿಲಿಯಾಕ್ ಎಂಬ ಶಿಲ್ಪಿಯು ಅಮೃತಶಿಲೆಯಲ್ಲಿ ಕಡೆದನು. ಅವುಗಳಲ್ಲೆಲ್ಲ ಎದ್ದು ಕಾಣುವುದು ವಿಶಾಲವಾದ, ತೇಜಸ್ವಿಯಾದ ಕಣ್ಣುಗಳು, ಬೆನ್ನು ಕಾಣುವುದಿಲ್ಲ. ಕೊನೆಯ ವರ್ಷಗಳಲ್ಲಿ ಬಾತ್ ನಗರದ ಬಳಿ ಸ್ನೇಹಿತನಾದ ರಾಲ್ಫ್ ಆಲೆನ್ನನ ಪ್ರಯರ್ ಪಾರ್ಕ್ ಭವನದಲ್ಲಿ ಮಾತಿನಲ್ಲಿ ಮಗ್ನನಾಗಿ ನಿಂತಿದ್ದಾಗ, ವಿಲಿಯಂ ಹೋರ್ ಎಂಬ ಚಿತ್ರಕಾರನು ಅವನಿಗೆ ತಿಳಿಯದಂತೆ ಕೆಂಪು ಸೀಮೆಸುಣ್ಣದಿಂದ ಒಂದು ರೇಖಾಚಿತ್ರವನ್ನು ಬರೆದುಕೊಂಡನು. ಲಂಡನ್ನಿನ ರಾಷ್ಟ್ರೀಯ ಭಾವಚಿತ್ರಶಾಲೆಯಲ್ಲಿ ಅದು ಉಳಿದಿದೆ. ಕವಿಗೆ ತಿಳಿದಿದ್ದರೆ ಆತನು ಆ ಚಿತ್ರಕಾರನನ್ನು ಎಂದಿಗೂ ಕ್ಷಮಿಸುತ್ತಿರಲಿಲ್ಲವೆಂದು ಅದನ್ನು ಕುರಿತ ಹಳೆಯ ಟಿಪ್ಪಣಿ ತಿಳಿಸುತ್ತದೆ. ಕೀರ್ತಿಯ ಶಿಖರದಲ್ಲಿದ್ದ, ಐವತ್ತು ದಾಟಿದ ಮಹಾಕವಿಯಲ್ಲಿ ಹನ್ನೆರಡರ ಬಾಲಕನ ಸಂಕೋಚ ಹಾಗೆಯೇ ಉಳಿದಿತ್ತು.

ಅವನ ನಿತ್ಯಜೀವನದ ವಿವರಗಳನ್ನು ಸಾಮ್ಯುಯೆಲ್ ಜಾನ್ಸನ್ ತನ್ನ ಕವಿಚರಿತ್ರೆಗಳಲ್ಲಿ ದಾಖಲಿಸಿದ್ದಾನೆ. ಇತರರ ಸಮನಾಗಿ ಊಟದ ಮೇಜಿಗೆ ಎಟುಕಲು ಪೋಪನ ಆಸನವನ್ನು ಎತ್ತರಿಸಬೇಕಾಗಿತ್ತು. ಬೆಳಗ್ಗೆ ಎದ್ದೊಡನೆ ಗಡುಸಾದ ದಪ್ಪಬಟ್ಟೆಯ ಕವಚವನ್ನು ದಾರಗಳಿಂದ ಬಿಗಿಯುವವರೆಗೆ ಅವನು ನೆಟ್ಟಗೆ ಕುಳಿತಿರಲಾರನು. ಚಳಿಯನ್ನು ತಡೆಯಲಾರದೆ ತುಪ್ಪಳದ ಒಳಂಗಿ ತೊಡುತ್ತಿದ್ದನು. ಕಾಲುಗಳು ತೀರ ಸಣಕಲಾದುದರಿಂದ ದಪ್ಪವಾಗಿ ಕಾಣಲೆಂದು ಒಂದರ ಮೇಲೊಂದರಂತೆ ಮೂರು ಜೊತೆ ಕಾಲುಚೀಲ ಹಾಕುತ್ತಿದ್ದನು. ಅವನ್ನು ಹಾಕಲೂ ತೆಗೆಯಲೂ ಸೇವಕಿಯ ನೆರವು ಬೇಕಾಗಿತ್ತು. ಸಹಾಯವಿಲ್ಲದೆ ಮಲಗುವುದೂ ಏಳುವುದೂ ಸಾಧ್ಯವಿರಲಿಲ್ಲ. ತಲೆನೋವು ಬಿಡದೆ ಕಾಡುತ್ತಿತ್ತು. ಕಾಫಿಯ ಹಬೆಯನ್ನು ಸೇವಿಸಿ ಉಪಶಮನ ಪಡೆಯುತ್ತಿದ್ದನು. ಹೀಗಿದ್ದರೂ ೧೭೪೦ರ ಘೋರ ಚಳಿಗಾಲದ ಒಂದು ರಾತ್ರಿ, ಹೊಳೆದ ಭಾವ ಕೈತಪ್ಪಬಾರದೆಂದು, ಕಾಗದ ತರಲು ಸೇವಕಿಯನ್ನು ನಾಲ್ಕು ಸಲ ಎಬ್ಬಿಸಿದನಂತೆ. ಕೈಬಿಚ್ಚಿ ಇನಾಮು ಕೊಡುತ್ತಿದ್ದುದರಿಂದ ಆಳುಗಳು ಬೇಸರಿಸುತ್ತಿರಲಿಲ್ಲ.

ಈ ದೇಹದಿಂದಲೇ ಅವನು ಮಾಡಿದ ಕೆಲಸವನ್ನು ನೆನೆದರೆ ಆಶ್ಚರ್ಯವಾಗುತ್ತದೆ. ೧೭೧೨ರಲ್ಲಿ ಎರಡು ಸರ್ಗಗಳಾಗಿ ಬಂದು ೧೭೧೪ರಲ್ಲಿ ಐದು ಸರ್ಗಗಳಾಗಿ ಬೆಳೆದ, ಕೂದಲಿನ ಕುರುಳೊಂದರ ಅಪಹರಣವನ್ನು ಕುರಿತ ಹಾಸ್ಯಮಹಾಕಾವ್ಯವು ಲಂಡನ್ನಿನ ಶ್ರೀಮಂತ ಸಮಾಜದ ರೂಪಮೋಹವನ್ನು ನವಿರಾಗಿ ಪರಿಹಾಸ್ಯ ಮಾಡಿತು. ಅನಂತರ ಹೋಮರನ ಇಲಿಯಡ್ ಮಹಾಕಾವ್ಯದ ಅನುವಾದಕ್ಕೆ ಕೈಹಾಕಿದನು. ೧೭೧೫ರಿಂದ ೧೭೨೦ರವರೆಗೆ ಆರು ಸಂಪುಟಗಳು ಹೊರಬಂದವು. ಒಂದು ಸಂಪುಟಕ್ಕೆ ಒಂದು ಗಿನಿಯಂತೆ ೫೭೫ರಷ್ಟು ಚಂದಾದಾರರು ಮುಂಗಡವಾಗಿ ಸೇರಿದರು. ಅದರಿಂದ ೫೦೦೦ ಪೌಂಡುಗಳಿಗೂ ಮೀರಿದ ಸಂಪಾದನೆಯಾಗಿ, ಸರಕಾರಿ ಹುದ್ದೆಯನ್ನೂ ಆಶ್ರಯದಾತನನ್ನೂ ನೆಚ್ಚದೆ ಲೇಖನಿಯಿಂದಲೇ ಸ್ವತಂತ್ರವಾಗಿ ಬಾಳಿದ ಕವಿಯೆಂಬ ಗೌರವ ಲಭಿಸಿತು. ಆ ಮಹಾಕಾವ್ಯದ ಎರಡನೆಯ ಸರ್ಗದಲ್ಲಿ ಥರ್ಸೈಟಿಸ್ ಎಂಬ ಪಾತ್ರವಿದೆ. ಬಾಗಿದ ಭುಜ, ಕುಂಟು ಕಾಲು, ನಾಲಗೆಯಲ್ಲಿ ಬೈಗುಳ. ವೀರರ ನಡುವೆ ಅವನೊಬ್ಬನೇ ವಿರೂಪಿ, ಏಟು ತಿಂದು ಅಳುವವನೂ ಅವನೇ. ಆ ಸಾಲುಗಳನ್ನು ಆಂಗ್ಲಭಾಷೆಗೆ ಬರೆದ ಕೈ ಯಾರದೆಂಬುದನ್ನು ನೆನೆದಾಗ ಓದುಗನ ಮನಸ್ಸು ಒಂದು ಕ್ಷಣ ನಿಲ್ಲುತ್ತದೆ.

ಒಡಲಿನ ವಕ್ರತೆಯೇ ಮನಸ್ಸಿನ ವಕ್ರತೆಗೆ ಗುರುತೆಂಬ ನಂಬಿಕೆ ಯೂರೋಪಿನಲ್ಲಿ ಬಹಳ ಹಳೆಯದು. ಷೇಕ್ಸ್‌ಪಿಯರನು ಮೂರನೆಯ ರಿಚರ್ಡ್ ದೊರೆಯನ್ನು ಗೂನುಬೆನ್ನಿನ ದುಷ್ಟನಾಗಿ ಚಿತ್ರಿಸಿದ ನಾಟಕ ಎಲ್ಲರಿಗೂ ತಿಳಿದಿದೆ. ಷೇಕ್ಸ್‌ಪಿಯರನ ಕೃತಿಗಳನ್ನು ೧೭೨೫ರಲ್ಲಿ ಸಂಪಾದಿಸಿದವನು ಇದೇ ಪೋಪನು. ೨೦೧೨ರಲ್ಲಿ ಲೆಸ್ಟರ್ ನಗರದಲ್ಲಿ ರಿಚರ್ಡನ ಅಸ್ಥಿಪಂಜರ ದೊರೆಯಿತು. ಅದನ್ನು ಪರೀಕ್ಷಿಸಿದಾಗ ಅವನಿಗೆ ಹರಯದಲ್ಲಿ ಆರಂಭವಾಗುವ ಪಾರ್ಶ್ವವಕ್ರತೆ, ಅಂದರೆ ಸ್ಕೋಲಿಯೋಸಿಸ್ ಇದ್ದುದು ಖಚಿತವಾಯಿತು. ಬೆನ್ನು ಪಕ್ಕಕ್ಕೆ ಬಾಗಿತ್ತೇ ಹೊರತು ನಾಟಕದ ಗೂನು ಇರಲಿಲ್ಲ; ಒಳ್ಳೆಯ ಉಡುಪಿನಲ್ಲಿ ಅದು ಹೆಚ್ಚು ಕಾಣುತ್ತಲೂ ಇರಲಿಲ್ಲವೆಂದು ಪರೀಕ್ಷಕರು ಅಭಿಪ್ರಾಯಪಟ್ಟರು. ನಮ್ಮ ಮಹಾಭಾರತದ ಅರಣ್ಯಪರ್ವದಲ್ಲಿ ಅಷ್ಟಾವಕ್ರನ ಕಥೆ ಬೇರೆಯೇ ದಾರಿ ಹಿಡಿಯುತ್ತದೆ. ಎಂಟು ಕಡೆ ಬಾಗಿದ ಆ ಬಾಲಕನು ಜನಕರಾಜನ ಸಭೆಯಲ್ಲಿ ವಂದಿಯನ್ನು ವಾದದಲ್ಲಿ ಗೆಲ್ಲುತ್ತಾನೆ. ಆಮೇಲೆ ತಂದೆಯ ಮಾತಿನಂತೆ ಸಮಂಗಾ ನದಿಯಲ್ಲಿ ಮಿಂದು ನೇರವಾದ ದೇಹವನ್ನು ಪಡೆಯುತ್ತಾನೆ. ಪೋಪನೂ ಸಭೆಯನ್ನು ಗೆದ್ದನು. ಆದರೆ ಅವನಿಗೆ ಸಮಂಗಾ ನದಿ ದೊರೆಯಲಿಲ್ಲ. ಬಾಗಿದ ದೇಹದಲ್ಲಿಯೇ ಅವನು ಕೊನೆಯವರೆಗೂ ಬಾಳಬೇಕಾಯಿತು.

ಮೇರಿ ವರ್ಟ್‌ಲಿ ಮಾಂಟೆಗ್ಯು ಎಂಬ ವಿದುಷಿಯೊಡನೆ ಅವನಿಗೆ ಗಾಢವಾದ ಸ್ನೇಹವಿತ್ತು. ಆಕೆಯು ೧೭೧೬ರಲ್ಲಿ ಪತಿಯೊಡನೆ ತುರ್ಕಿಗೆ ಹೊರಟಾಗ ಇಬ್ಬರ ನಡುವೆ ಅನೇಕ ಪತ್ರಗಳು ಓಡಾಡಿದವು. ಮುಂದೆ ಆ ಸ್ನೇಹವು ಮುರಿದು ಹಗೆಯಾಯಿತು. ಅವನು ಪ್ರೇಮವನ್ನು ನಿವೇದಿಸಿದಾಗ ಆಕೆಗೆ ನಗು ತಡೆಯಲಾಗಲಿಲ್ಲವೆಂದು ಆಕೆಯ ವಂಶದವರಲ್ಲಿ ಕಥೆಯೊಂದು ಬಳಕೆಯಲ್ಲಿತ್ತು. ಹಗೆ ಬೆಳೆದ ಮೇಲೆ ಅವನು ಆಕೆಯನ್ನು ಪದ್ಯದಲ್ಲಿ ನಿಂದಿಸಿದನು. ೧೭೩೩ರಲ್ಲಿ ಆಕೆಯೂ ಹಾರ್ವಿ ಎಂಬ ಸರದಾರನೂ ಸೇರಿ ಬರೆದರೆಂದು ಪ್ರಸಿದ್ಧವಾದ ಪದ್ಯವೊಂದು ಪ್ರಕಟವಾಯಿತು. ಅವನ ದೇಹವು ಅವನ ಆತ್ಮದ ಕುರೂಪಕ್ಕೆ ದೇವರು ಹಾಕಿದ ಗುರುತೆಂಬುದು ಅದರ ಭಾವ. ಡೆನ್ನಿಸನ ನಿಂದೆಗಿಂತಲೂ ಇದು ಕ್ರೂರವಾಗಿತ್ತು. ಏಕೆಂದರೆ ಒಂದು ಕಾಲಕ್ಕೆ ಹತ್ತಿರವಿದ್ದವರ ಕೈಯಿಂದ ಬಂದಿತ್ತು.

ಪೋಪನ ಉತ್ತರವು ೧೭೩೫ರ ಜನವರಿಯಲ್ಲಿ, ಮರಣಶಯ್ಯೆಯಲ್ಲಿದ್ದ ತನ್ನ ವೈದ್ಯಮಿತ್ರ ಜಾನ್ ಆರ್ಬತ್‌ನಾಟನನ್ನು ಉದ್ದೇಶಿಸಿದ ಪದ್ಯಪತ್ರದಲ್ಲಿ ಬಂದಿತು. ಆ ಕೃತಿಯಲ್ಲಿ ಎರಡು ಪೋಪರನ್ನು ಕಾಣಬಹುದು. ಒಬ್ಬನು ಪ್ರಬುದ್ಧ. ತನ್ನ ಕೆಮ್ಮಿನಲ್ಲಿ ಹೊರೇಸನನ್ನೂ ಏರುಪೇರಾದ ಭುಜದಲ್ಲಿ ಅಲೆಗ್ಸಾಂಡರ್ ಚಕ್ರವರ್ತಿಯನ್ನೂ ಕಾಣುವ ಹೊಗಳುಭಟ್ಟರನ್ನು ಅವನು ನಗುತ್ತ ತಳ್ಳಿಹಾಕುತ್ತಾನೆ. ಬೈಯುವವನೂ ಭುಜವನ್ನೇ ನೋಡುತ್ತಾನೆ, ಹೊಗಳುವವನೂ ಭುಜವನ್ನೇ ನೋಡುತ್ತಾನೆ. ಕಾವ್ಯವನ್ನು ನೋಡುವವರು ಇಬ್ಬರೂ ಅಲ್ಲ ಎಂಬುದು ಅವನಿಗೆ ಮನವರಿಕೆಯಾಗಿತ್ತು. ಮತ್ತೊಬ್ಬ ಪೋಪನು ಗಾಯಗೊಂಡವನು. ಹಾರ್ವಿಯು ರೋಗಪೀಡಿತನಾಗಿ ಕಟ್ಟುನಿಟ್ಟಿನ ಪಥ್ಯದಲ್ಲಿದ್ದ ಮನುಷ್ಯ. ಅವನ ಪಥ್ಯದ ಹಾಲನ್ನೂ ಬಣ್ಣ ಹಚ್ಚಿದ ಮುಖವನ್ನೂ ಹೆಣ್ಣಿಗ ನಡೆಯನ್ನೂ ಪೋಪನು ನಿರ್ದಯವಾಗಿ ಹೀಯಾಳಿಸಿದನು. ಅಷ್ಟೇ ಅಲ್ಲ, ಅವನನ್ನು ನೆಲಗಪ್ಪೆಗೆ ಹೋಲಿಸಿದನು. ೨೪ ವರ್ಷಗಳ ಹಿಂದೆ ಡೆನ್ನಿಸನು ತನ್ನ ಮೇಲೆ ಎಸೆದಿದ್ದ ಪ್ರಾಣಿಯನ್ನೇ ಎತ್ತಿ ಇನ್ನೊಬ್ಬ ರೋಗಿಯ ಮೇಲೆ ಎಸೆದನು. ಆ ಸಾಲುಗಳ ಕಾವ್ಯಶಕ್ತಿಯನ್ನು ಯಾರೂ ಅಲ್ಲಗಳೆಯಲಾರರು. ಆದರೆ ಹೀಯಾಳಿಕೆಯನ್ನು ಉಂಡು ಬೆಳೆದವನ ಒಳಗೆ ಅದು ಜೀರ್ಣವಾಗದೆ ಉಳಿದು, ಸಮಯ ಬಂದಾಗ ವಿಷವಾಗಿ ಹೊರಬರುತ್ತದೆಂಬುದಕ್ಕೆ ಅವೇ ಸಾಕ್ಷಿ. ೧೭೨೮ರ ಡನ್ಸಿಯಾಡ್ ಎಂಬ ವಿಡಂಬನಕಾವ್ಯವು ಎಷ್ಟು ಜನರನ್ನು ಕೆರಳಿಸಿತೆಂದರೆ, ಅವನು ಬೌನ್ಸ್ ಎಂಬ ದೊಡ್ಡ ನಾಯಿಯನ್ನೂ ಜೇಬಿನಲ್ಲಿ ಪಿಸ್ತೂಲುಗಳನ್ನೂ ಇಟ್ಟುಕೊಂಡು ತಿರುಗಾಡುತ್ತಿದ್ದನೆಂದು ಮಲಸಹೋದರಿಯು ಹೇಳಿದ್ದುಂಟು.

ಹಾಗೆಂದು ಅವನ ಹೃದಯವು ಕಹಿಯಿಂದಲೇ ತುಂಬಿತ್ತೆಂದು ಹೇಳುವುದು ಅನ್ಯಾಯವಾದೀತು. ೧೭೧೭ರಲ್ಲಿ ತಂದೆ ತೀರಿಕೊಂಡ ಮೇಲೆ, ೧೭೧೯ರಲ್ಲಿ ಥೇಮ್ಸ್ ನದಿಯ ದಡದ ಟ್ವಿಕನ್‌ಹ್ಯಾಮ್ ಎಂಬಲ್ಲಿ ಮನೆ ಮಾಡಿ ವೃದ್ಧ ತಾಯಿಯನ್ನು ಜೊತೆಗಿಟ್ಟುಕೊಂಡನು. ೧೭೩೩ರಲ್ಲಿ ತೊಂಬತ್ತರ ಹತ್ತಿರದ ವಯಸ್ಸಿನಲ್ಲಿ ಆಕೆ ಕಣ್ಮುಚ್ಚುವವರೆಗೂ ಆದರದಿಂದ ಸೇವೆಮಾಡಿದನು. ಮಗುವಾಗಿದ್ದಾಗ ತನ್ನನ್ನು ಎತ್ತಿ ಆಡಿಸಿದ ದಾದಿ ಮೇರಿ ಬೀಚ್ ೧೭೨೫ರಲ್ಲಿ ತೀರಿಕೊಂಡಾಗ ಊರಿನ ಇಗರ್ಜಿಯ ಗೋಡೆಯಲ್ಲಿ ಸ್ಮಾರಕಶಿಲೆಯನ್ನು ಇರಿಸಿದನು. ಸ್ವಿಫ್ಟ್, ಗೇ, ಆರ್ಬತ್‌ನಾಟ್ ಮೊದಲಾದವರ ಸ್ನೇಹವು ಬಾಳಿನ ಕೊನೆಯವರೆಗೂ ಬಾಡಲಿಲ್ಲ. ಮಾರ್ತಾ ಬ್ಲೌಂಟ್ ಎಂಬ ಸ್ನೇಹಿತೆಯು ಯೌವನದಿಂದ ಮರಣದವರೆಗೆ ಅವನ ಹಿತಚಿಂತಕಳಾಗಿದ್ದಳು. ಮನೆಗೂ ತೋಟಕ್ಕೂ ನಡುವೆ ರಸ್ತೆಯೊಂದು ಅಡ್ಡಬಂದುದರಿಂದ ನೆಲದಡಿಯಲ್ಲಿ ಸುರಂಗ ತೋಡಿಸಿ, ಅದನ್ನು ಚಿಪ್ಪು, ಗಾಜು, ಹರಳುಗಳಿಂದ ಅಲಂಕರಿಸಿ ಗುಹೆಯಾಗಿ ಮಾರ್ಪಡಿಸಿದನು. ಆ ಗುಹೆಯು ಇಂದಿಗೂ ಉಳಿದಿದೆ.

ಎಲ್ಲಕ್ಕಿಂತ ಗಮನಾರ್ಹವಾದುದು ಡೆನ್ನಿಸನ ವಿಷಯ. ೧೭೩೩ರ ಕೊನೆಯ ಹೊತ್ತಿಗೆ ಆ ವೃದ್ಧ ವಿಮರ್ಶಕನು ಕಣ್ಣು ಕಳೆದುಕೊಂಡು, ಬಡವನಾಗಿ, ನಿರ್ಗತಿಕನಾಗಿದ್ದನು. ಅವನ ಸಹಾಯಾರ್ಥವಾಗಿ ಡಿಸೆಂಬರ್ ತಿಂಗಳಲ್ಲಿ ನಾಟಕವೊಂದು ಏರ್ಪಟ್ಟಾಗ ಅದಕ್ಕೆ ನಾಂದೀಪದ್ಯವನ್ನು ಬರೆದುಕೊಟ್ಟವನು ಪೋಪನು. ಆ ಪದ್ಯದ ಮಡಿಕೆಗಳಲ್ಲಿ ಹಳೆಯ ಚುಚ್ಚುಮಾತಿನ ಎಳೆ ಅಡಗಿದೆಯೆಂದು ಬಲ್ಲವರು ಹೇಳುತ್ತಾರೆ, ಅದು ನಿಜವೇ. ಆದರೂ ತನ್ನನ್ನು ಹುಟ್ಟಿದ ದಿನವೇ ಎಸೆಯಬೇಕಾದವನೆಂದು ಬರೆದವನ ಕೊನೆಯ ದಿನಗಳ ಅನ್ನಕ್ಕೆ ಪೋಪನ ಲೇಖನಿ ನೆರವಾಯಿತು. ಮುಂದಿನ ತಿಂಗಳಲ್ಲಿಯೇ ಡೆನ್ನಿಸನು ತೀರಿಕೊಂಡನು. ಪೂರ್ಣವಾದ ಕ್ಷಮೆ ಮನುಷ್ಯನಿಗೆ ಸುಲಭವಲ್ಲ. ಅರ್ಧ ಕ್ಷಮಿಸಿ ಪೂರ್ಣ ಸಹಾಯ ಮಾಡಿದವನೂ ದೊಡ್ಡವನೇ.

ಬೆನ್ನು ಬಾಗಿದಷ್ಟೂ ಎದೆಗೂಡು ಕುಗ್ಗಿ ಉಸಿರಾಟ ಕಷ್ಟವಾಗುತ್ತ ಬಂದಿತು. ೧೭೪೪ರ ವಸಂತದಲ್ಲಿ ಪರಿಸ್ಥಿತಿ ವಿಷಮಿಸಿತು. ಸುಧಾರಣೆಯ ಲಕ್ಷಣಗಳನ್ನು ವೈದ್ಯರು ಎಣಿಸಿ ಹೇಳುತ್ತಿದ್ದಾಗ, ಇಷ್ಟೊಂದು ಶುಭಲಕ್ಷಣಗಳಿಂದಲೇ ತಾನು ಸಾಯುತ್ತಿರುವೆನೆಂದು ಅವನು ಮಿತ್ರರೊಡನೆ ವಿನೋದವಾಡಿದನು. ಮೇ ೩೦ರಂದು ಟ್ವಿಕನ್‌ಹ್ಯಾಮಿನಲ್ಲಿ ಶಾಂತನಾಗಿ ಪ್ರಾಣಬಿಟ್ಟನು. ತನ್ನ ಶವವನ್ನು ಆ ಊರಿನ ಅತ್ಯಂತ ಬಡವರಾದ ಆರು ಜನರು ಹೊರಬೇಕೆಂದೂ ಪ್ರತಿಯೊಬ್ಬನಿಗೂ ಒಂದೊಂದು ಜೊತೆ ಬಟ್ಟೆ ಕೊಡಬೇಕೆಂದೂ ಮರಣಶಾಸನದಲ್ಲಿ ಬರೆದಿಟ್ಟಿದ್ದನು. ಊರಿನ ಸಂತ ಮೇರಿಯ ಇಗರ್ಜಿಯಲ್ಲಿ ತಾಯಿತಂದೆಗಳ ಸ್ಮಾರಕದ ಸಮೀಪದಲ್ಲಿಯೇ ಅವನ ಸಮಾಧಿಯಾಯಿತು.

ಇಂದಿನ ಕಾಲದಲ್ಲಿ ಈ ಚರಿತ್ರೆಯಿಂದ ನಾವು ಗ್ರಹಿಸಬೇಕಾದುದೇನು? ಪೋಪನನ್ನು ಬಾಗಿಸಿದ ಕ್ಷಯಕ್ಕೆ ಈಗ ಔಷಧವಿದೆ. ನಮ್ಮ ದೇಶದಲ್ಲಿ ಸರಕಾರವು ಅದನ್ನು ಉಚಿತವಾಗಿ ಒದಗಿಸುತ್ತದೆ. ಬೇಗನೆ ಗುರುತಿಸಿದರೆ ಬೆನ್ನೆಲುಬನ್ನು ಉಳಿಸಿಕೊಳ್ಳಬಹುದು. ಕ್ಷಯವಿಲ್ಲದೆಯೂ ಹತ್ತರಿಂದ ಹದಿನಾರರ ನಡುವೆ ಮಕ್ಕಳು ಎತ್ತರವಾಗುವಾಗ ಬೆನ್ನೆಲುಬು ಪಕ್ಕಕ್ಕೆ ತಿರುಚಿಕೊಳ್ಳುವುದುಂಟು. ನೂರರಲ್ಲಿ ಎರಡು ಮೂರು ಮಕ್ಕಳಲ್ಲಿ ೧೦ ಅಂಶಕ್ಕಿಂತ ಹೆಚ್ಚಿನ ಇಂತಹ ವಕ್ರತೆ ಕಂಡುಬರುತ್ತದೆ. ಚಿಕಿತ್ಸೆ ಬೇಕಾಗುವಷ್ಟು ಬೆಳೆಯುವುದು ಹೆಣ್ಣುಮಕ್ಕಳಲ್ಲಿ ಹೆಚ್ಚು. ಅದಕ್ಕೆ ಪುಸ್ತಕದ ಚೀಲವಾಗಲಿ ಕುಳಿತುಕೊಳ್ಳುವ ರೀತಿಯಾಗಲಿ ಕಾರಣವಲ್ಲ. ಮಗುವಿನ ತಪ್ಪಂತೂ ಅಲ್ಲವೇ ಅಲ್ಲ. ಈ ಮಾತನ್ನು ಮಗುವಿಗೆ ಮೊದಲು ಹೇಳಬೇಕು. ಹನ್ನೆರಡರ ಪೋಪನಿಗೆ ಇದನ್ನು ಹೇಳುವವರು ಯಾರೂ ಇರಲಿಲ್ಲ. ವಕ್ರತೆಯು ಮಧ್ಯಮವಾಗಿದ್ದರೆ ಕವಚವನ್ನು ತೊಡಿಸುತ್ತಾರೆ. ೨೦೧೩ರಲ್ಲಿ ಪ್ರಕಟವಾದ ಅಮೆರಿಕ ಮತ್ತು ಕೆನಡಾ ದೇಶಗಳ ಅಧ್ಯಯನವೊಂದರಲ್ಲಿ, ಕವಚ ತೊಟ್ಟವರಲ್ಲಿ ನೂರಕ್ಕೆ ೭೨ ಮಂದಿಯ ವಕ್ರತೆಯು ಶಸ್ತ್ರಚಿಕಿತ್ಸೆಯ ಮಟ್ಟಕ್ಕೆ ಏರದೆ ನಿಂತಿತು. ತೊಡದವರಲ್ಲಿ ಹಾಗಾದುದು ೪೮ ಮಂದಿಗೆ ಮಾತ್ರ. ಹೆಚ್ಚು ಹೊತ್ತು ತೊಟ್ಟಷ್ಟೂ ಫಲ ಹೆಚ್ಚೆಂಬುದೂ ತಿಳಿದುಬಂದಿತು. ಆದರೆ ಸಹಪಾಠಿಗಳು ನಗುವರೆಂಬ ಭಯದಿಂದ ಮಗು ಅದನ್ನು ಶಾಲೆಗೆ ಬರುವಾಗ ಕಳಚಿಟ್ಟರೆ? ವೈದ್ಯನು ಕಟ್ಟಿದ ಕವಚವನ್ನು ತರಗತಿಯ ನಗೆಯು ಬಿಚ್ಚಿಹಾಕುತ್ತದೆ.

ಆದುದರಿಂದ ಈ ಸಂಸ್ಮರಣ ಸಂಪುಟವನ್ನು ಓದುವ ಅಧ್ಯಾಪಕ ಮಹನೀಯರಲ್ಲಿ ನಮ್ಮ ವಿಜ್ಞಾಪನೆ ಇಷ್ಟು. ಒಂದು ಭುಜ ಮೇಲಾಗಿ, ಬಾಗಿದಾಗ ಒಂದು ಕಡೆಯ ಬೆನ್ನು ಉಬ್ಬಿ ಕಾಣುವ ಮಗುವಿದ್ದರೆ ಏಕಾಂತದಲ್ಲಿ ಪೋಷಕರಿಗೆ ತಿಳಿಸಿ ವೈದ್ಯರಲ್ಲಿಗೆ ಕಳುಹಿಸಿರಿ. ನೆಟ್ಟಗೆ ನಿಲ್ಲೆಂದು ಎಲ್ಲರೆದುರು ಗದರಿಸಬೇಡಿರಿ. ವೈದ್ಯರ ಒಪ್ಪಿಗೆಯಿದ್ದರೆ ಆಟದ ಮೈದಾನದಿಂದ ಆ ಮಗುವನ್ನು ದೂರವಿಡಬೇಡಿರಿ. ಅಂಗದ ಹೆಸರಿನಿಂದ ಯಾರನ್ನೂ ಕರೆಯಲು ಬಿಡಬೇಡಿರಿ. ಓದಿನಲ್ಲಿ ಮುಂದಿರುವ ಮಗು ಮೌನಿಯಾದರೆ, ಆಟಪಾಠ ಬಿಟ್ಟು ವಿದಾಯದಂತಹ ಮಾತಾಡಿದರೆ, ಅದೇ ದಿನ ಅದರ ಬಳಿ ಕುಳಿತುಕೊಳ್ಳಿರಿ. ಹಳೆಯ ವಿದ್ಯಾರ್ಥಿಗಳಲ್ಲಿ ವೈದ್ಯರಾಗಿರುವವರು ವರ್ಷಕ್ಕೊಮ್ಮೆ ಬಂದು ಮಕ್ಕಳ ಬೆನ್ನನ್ನು ಪರೀಕ್ಷಿಸಿದರೆ, ಕವಚದ ವೆಚ್ಚವನ್ನು ಭರಿಸಲಾರದ ಮನೆಯ ಮಗುವಿಗೆ ದಾನಿಗಳು ಕೈನೀಡಿದರೆ, ಅದು ಕಟ್ಟಡ ಕಟ್ಟಿಸಿದ ಪುಣ್ಯಕ್ಕೆ ಕಡಿಮೆಯಾದುದಲ್ಲ.

ಪೋಪನ ಕಾವ್ಯವನ್ನು ಇಂದು ಓದುವವರು ವಿರಳರಾಗಿರಬಹುದು. ಅವನ ಬೆನ್ನನ್ನು ಕಂಡು ನಕ್ಕವರು ನೂರಾರು ಮಂದಿ; ಅವರಲ್ಲಿ ಹೆಚ್ಚಿನವರ ಹೆಸರು ಉಳಿದಿರುವುದು ಅವನ ಕಾವ್ಯದ ಅಡಿಟಿಪ್ಪಣಿಗಳಲ್ಲಿ ಮಾತ್ರ. ಆದರೆ ಹದಿನೇಳರ ಹುಡುಗನ ವಿದಾಯಪತ್ರವನ್ನು ಓದಿ ವೈದ್ಯನ ಬಾಗಿಲಿಗೆ ಹೋದ ಆ ಪಾದ್ರಿಯು ಒಂದು ಕಾವ್ಯವನ್ನೂ ಬರೆಯದೆ ಒಬ್ಬ ಮಹಾಕವಿಯನ್ನು ಲೋಕಕ್ಕೆ ಉಳಿಸಿಕೊಟ್ಟನು. ವಿದ್ಯಾಸಂಸ್ಥೆಯೊಂದರ ಹಿರಿಯರೆಲ್ಲರಿಗೂ ಆ ಭಾಗ್ಯ ಲಭಿಸಲೆಂದು ಹಾರೈಸುತ್ತೇವೆ.